ವೈಪರ್ ಸ್ವಿಚ್ಚಿನ ವಿಚಾರಣೆ

“ಕಾಲು ಒಳಗೆ ಎಳ್ಕೊಳ್ಳೋ. ಯಾರಾದ್ರೂ ನೋಡಿದ್ರೆ ಗಾಡೀಲಿ ಎರಡು ಹೆಣ ಇದೆ ಅಂದ್ಕೊಳ್ತಾರೆ,” ಎಂದ ಟಿಂಕರ್.

ಸತ್ತವನ ತಮ್ಮ ತನ್ನ ಕಾಲನ್ನು ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳಲು ಒಳಗೆ ಜಾಗವಿರಲಿಲ್ಲ. ಹೆಣದ ಗಾಡಿಯ ಡ್ರೈವರ್ ಸೀಟಿನ ಮುಂದೆ ಬೆನ್ನು ಹಾಸಿ, ತಲೆಯನ್ನು ಕ್ಲಚ್ಚಿಗೂ ಬ್ರೇಕಿಗೂ ನಡುವೆ ತೂರಿಸಿ, ಅವನು ಸ್ಟೇರಿಂಗಿನ ಕೆಳಹೊಟ್ಟೆಯನ್ನು ಬಿಚ್ಚುತ್ತಿದ್ದ. ಮೊಣಕಾಲಿನಿಂದ ಕೆಳಗಿನ ದೇಹವೆಲ್ಲ ಬಾಗಿಲಿನಾಚೆ ಮಳೆಯ ಪಾಲಾಗಿತ್ತು. ಅದನ್ನು ಮಳೆ ಎನ್ನುವುದೂ ತಪ್ಪು. ಆಕಾಶದ ತಳ ಕಿತ್ತುಹೋಗಿತ್ತು. ಬೀದಿಯ ನಾಯಿಗಳೆಲ್ಲ ಆ ಬೆಳಿಗ್ಗೆಯೇ ಈಜು ಕಲಿತು, ಮಧ್ಯಾಹ್ನದ ಹೊತ್ತಿಗೆ ಮೀನು ಹಿಡಿಯತೊಡಗಿದ್ದವು.

ಸೀಟಿನ ಹಿಂದೆ ಒಂದು ತಗಡಿನ ಗೋಡೆ. ತಗಡಿನ ಆಚೆ ಸ್ಟ್ರೆಚರ್ ಮೇಲೆ ಅವನ ಅಣ್ಣ. ಮಾತು ಬಿಟ್ಟು ವರ್ಷಗಳೇ ಆಗಿದ್ದ ಅಣ್ಣ ತಮ್ಮಂದಿರು ಇಷ್ಟು ಹತ್ತಿರ ಮಲಗಿದ್ದು ಚಿಕ್ಕಂದಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿದ್ದಾಗ ಬಿಟ್ಟರೆ ಇದೇ ಮೊದಲು.

“ವೈಪರ್ ಇಲ್ದೆ ನಾನು ಗಾಡಿ ಎತ್ತಲ್ಲ,” ಎಂದು ಡ್ರೈವರ್ ಆಗಲೇ ನೂರೆಂಟು ಸಲ ಹೇಳಿಯಾಗಿತ್ತು. ಈಗ ಇನ್ನೊಮ್ಮೆ ಹೇಳಿದ. “ಸತ್ತವರನ್ನ ಸಾಗಿಸೋದು ನನ್ನ ಕೆಲಸ. ಹೊಸಬರನ್ನ ತಯಾರು ಮಾಡೋದಲ್ಲ.”

“ಸ್ವಿಚ್ಚು ಹೋಗಿದೆ, ಗ್ಯಾರಂಟಿ. ಬದಲಾಯಿಸಿ ಬಿಸಾಕಿ,” ಎಂದಿತು ಕೊಡೆಯ ಕೆಳಗಿನಿಂದ ಒಂದು ಧ್ವನಿ. ಬಿಡಿಭಾಗಗಳ ಅಂಗಡಿಯವನು. ಜಗತ್ತಿನ ಯಾವ ವಸ್ತುವನ್ನೂ ಅವನು ಗ್ಯಾರಂಟಿ ಕೊಡದೆ ಮಾರಿರಲಿಲ್ಲ, ಕೊಟ್ಟ ಯಾವ ಗ್ಯಾರಂಟಿಯನ್ನೂ ನಡೆಸಿರಲಿಲ್ಲ. ಹಾಗಾಗಿ ಊರೆಲ್ಲ ಅವನನ್ನು ಗ್ಯಾರಂಟಿ ಎಂದೇ ಕರೆಯುತ್ತಿತ್ತು.

“ಬದಲಾಯಿಸೋಕೆ ನಿನ್ನ ಅಂಗಡೀಲಿ ಇದ್ಯಾ?” ಟಿಂಕರ್ ಕೇಳಿದ.

“ಈ ಗಾಡಿಗಾ? ಇದನ್ನ ಮಾಡಿದ ಕಂಪನಿಯವರೂ ಇದೇ ಗಾಡೀಲಿ ಹೋಗಿಯಾಯ್ತು.”

ಮಳೆಯಲ್ಲಿ ನಿಂತ ಗುಂಪು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು. ಬೀದಿಯ ಗ್ಯಾರೇಜುಗಳೆಲ್ಲ ಖಾಲಿಯಾಗಿ ಅಲ್ಲಿ ನೆರೆದಿದ್ದವು. ಇಂಜಿನ್ ಬಿಚ್ಚುವವರು, ಪಂಕ್ಚರ್ ಹಾಕುವವರು, ಬಣ್ಣ ಹೊಡೆಯುವವರು, ಡೊಂಕಾದದ್ದನ್ನು ಬಡಿದು ನೇರ ಮಾಡುವ ಈ ಟಿಂಕರ್. ಆದರೆ ಕರೆಂಟಿನ ಕೆಲಸ ಬಲ್ಲವನು ಇಡೀ ಬೀದಿಗೆ ಒಬ್ಬನೇ ಇದ್ದ. ಅವನು ಗಾಡಿಯ ಹಿಂಭಾಗದಲ್ಲಿ ಮಲಗಿದ್ದ.

ಹಾಗಾಗಿ ಸ್ವಲ್ಪ ಹೊತ್ತಿನ ಮುಂಚೆ ಅತ್ತಿಗೆಯೇ ಕೈ ತೋರಿಸಿದ್ದಳು. “ಅಲ್ಲಿ ನಿಂತಿದ್ದಾನಲ್ಲ, ಅವನನ್ನ ಕರೀರಿ.”

ಎದುರು ಮನೆಯ ಗೋಡೆಗೆ ಒರಗಿ ತಮ್ಮ ನಿಂತಿದ್ದ. ಬಾ ಎಂದು ಅವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ, ಬಂದ ಮೇಲೆ ಹೋಗು ಎಂದೂ ಹೇಳಿರಲಿಲ್ಲ. ಅವನು ಅಳಲು ಬಂದವನೂ ಅಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ‘ಆ ಕಾರು ಸುಟ್ಟಿದ್ದು ನನ್ನ ತಮ್ಮನಿಂದಲ್ಲ’ ಎಂದು ಅಣ್ಣ ಸಾಯುವ ಮುಂಚೆ ಯಾರ ಕಿವಿಯಲ್ಲಾದರೂ ಹೇಳಿರಬಹುದು. ಹೇಳಿದ್ದರೆ ಅದು ಇವತ್ತು ಹೊರಗೆ ಬರಬೇಕು. ಜನ ಇಷ್ಟು ಒಟ್ಟಿಗೆ ಮತ್ತೆ ಸೇರುವುದಿಲ್ಲ. ನಾಳೆ ಬಂದರೆ ಆ ಮಾತಿಗೆ ಕಿವಿಗಳೇ ಇರುವುದಿಲ್ಲ.

“ಬೆಂಕಿ ಕೈಗಾ ಕೊಡೋದು ಗಾಡೀನ?” ಎಂದಿದ್ದ ಗ್ಯಾರಂಟಿ. “ಹೆಣ ಇಲ್ಲೇ ಸುಟ್ಟುಹೋದೀತು.”

ಆ ಹೆಸರಿಟ್ಟವನೂ ಅವನೇ. ಬೆಂಕಿ. ಹುಟ್ಟುವಾಗ ಇಟ್ಟ ಹೆಸರನ್ನು ತಮ್ಮನೇ ಈಗ ತಡವರಿಸದೆ ಹೇಳಲಾರ.

*

ಅಣ್ಣನನ್ನು ಎಲ್ಲರೂ ಬಲ್ಬ್ ಮೇಸ್ತ್ರಿ ಎನ್ನುತ್ತಿದ್ದರು. ಕುತ್ತಿಗೆಯಲ್ಲಿ ಸದಾ ಒಂದು ಸಣ್ಣ ಬಲ್ಬು ತೂಗುತ್ತಿತ್ತು. ಅದಕ್ಕೆ ಎರಡು ವೈರು. ಒಂದರ ತುದಿಗೆ ಹಲ್ಲಿರುವ ಕ್ಲಿಪ್ಪು, ಇನ್ನೊಂದರ ತುದಿಗೆ ಸೂಜಿ. ಕ್ಲಿಪ್ಪನ್ನು ಕಾರಿನ ಮೈಗೆ ಕಚ್ಚಿಸಿ, ಸೂಜಿಯನ್ನು ವೈರಿಗೆ ಮುಟ್ಟಿಸಿದರೆ, ಕರೆಂಟಿದ್ದಲ್ಲಿ ಬಲ್ಬು ಉರಿಯಬೇಕು. ಅಷ್ಟೇ ಅದರ ಮಾಯೆ. ಆದರೆ ಅಣ್ಣ ಅದನ್ನು ಹಿಡಿದು ಬಂದರೆ ಸತ್ತ ಬ್ಯಾಟರಿಗಳು ನಾಚಿಕೆಯಿಂದ ಎದ್ದು ಕೂರುತ್ತಿದ್ದವು. ಅವನು ಕೆಮ್ಮಿದರೆ ಮೂರು ಬೀದಿ ಆಚೆ ನಿಲ್ಲಿಸಿದ ಕಾರಿನ ಹಾರ್ನು ತಾನಾಗಿ ಬಡಿದುಕೊಳ್ಳುತ್ತಿತ್ತು. ಒಂದು ಸಲ ನಿದ್ದೆಯಲ್ಲಿ ‘ಅರ್ತ್ ಸರಿಯಿಲ್ಲ’ ಎಂದು ಕನವರಿಸಿದನಂತೆ, ಬೆಳಿಗ್ಗೆ ನೋಡಿದರೆ ಇಡೀ ಬಡಾವಣೆಯಲ್ಲಿ ಕರೆಂಟಿರಲಿಲ್ಲ.

ಬೇರೆ ಮೆಕ್ಯಾನಿಕ್‌ಗಳು ವೈಪರ್ ನಿಂತರೆ ಹಿಂದೆ ಮುಂದೆ ನೋಡದೆ ಸ್ವಿಚ್ಚು ಕಿತ್ತು ಹೊಸದು ಹಾಕುತ್ತಿದ್ದರು. ಅದೂ ನಡೆಯದಿದ್ದರೆ ಮೋಟರ್ ಕೀಳುತ್ತಿದ್ದರು. ಅಣ್ಣನದು ಹಾಗಲ್ಲ. ಅವನ ಅಂಗಡಿಯಲ್ಲಿ ಸ್ವಿಚ್ಚಿಗೆ ವಿಚಾರಣೆ ನಡೆಯುತ್ತಿತ್ತು. ಮೊದಲು ಫ್ಯೂಸನ್ನು ಕೇಳಬೇಕು, ನಿನ್ನ ತನಕ ಕರೆಂಟು ಬಂತೋ ಇಲ್ಲವೋ ಎಂದು. ಆಮೇಲೆ ಸ್ವಿಚ್ಚಿನ ಬಾಗಿಲಿಗೆ ಹೋಗಿ, ಒಳಗೆ ಬಂದದ್ದು ಹೊರಗೆ ಹೋಗುತ್ತಿದೆಯೋ ನೋಡಬೇಕು. ಸ್ಟೇರಿಂಗಿನ ಪಕ್ಕದ ಸ್ವಿಚ್ಚಿನ ಕಡ್ಡಿಯನ್ನು ನಿಧಾನಕ್ಕಿಟ್ಟು ನೋಡಬೇಕು, ಜೋರಿಗಿಟ್ಟು ನೋಡಬೇಕು, ಗಾಜಿಗೆ ನೀರು ಚಿಮ್ಮಿಸುವ ಜಾಗದಲ್ಲೂ ನೋಡಬೇಕು. ಒಂದೊಂದು ಪ್ರಶ್ನೆಗೂ ಬಲ್ಬು ಹೌದು ಅಥವಾ ಇಲ್ಲ ಎನ್ನಬೇಕು. ಅಲ್ಲಿಯವರೆಗೆ ಸ್ವಿಚ್ಚಿನ ಮೇಲೆ ಯಾರೂ ಕೈ ಹಾಕುವಂತಿಲ್ಲ.

“ಗೊತ್ತಾಗೋಕೆ ಮುಂಚೆ ಕೀಳಬೇಡ,” ಎಂದು ತಮ್ಮನ ಬೆನ್ನಿಗೆ ಗುದ್ದಿ ಗುದ್ದಿ ಕಲಿಸಿದ್ದ. “ಅದು ಎಲ್ಲಿದೆಯೋ ಅಲ್ಲೇ ಇರುವಾಗ ಸಾಕ್ಷಿ. ಕಿತ್ತು ಕೈಗೆ ತಗೊಂಡ್ಯೋ, ಕಸ.”

ಅಣ್ಣ ಎಡಚ. ಅವನು ಹೊಸೆದ ವೈರಿನ ಜೋಡಣೆ ಲೋಕದ ಉಳಿದೆಲ್ಲ ಜೋಡಣೆಗಳಿಗೆ ಬೆನ್ನು ತಿರುಗಿಸಿಕೊಂಡು ಹೊಸೆದಿರುತ್ತಿತ್ತು. ಹೊಸೆದ ಮೇಲೆ ತುದಿಯನ್ನು ಮಡಚಿ ಒಳಗೆ ಸಿಕ್ಕಿಸುತ್ತಿದ್ದ, ಬೆರಳಿಗೆ ಚುಚ್ಚಬಾರದು ಎಂದು. ಅದನ್ನು ಬಿಚ್ಚಬೇಕಾದರೆ ಭೂಮಿಯೇ ಉಲ್ಟಾ ಸುತ್ತಬೇಕೆಂದು ತಮ್ಮ ಗೊಣಗುತ್ತಿದ್ದ. ಅಣ್ಣ ನಗುತ್ತಿದ್ದ. ಆಗ ಅವರು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು.

ಒಂದು ದಿನ ಶಾಲೆಯ ಹೆಡ್‌ಮಿಸ್ಸು ಕಾರು ತಂದು, “ಬೇಗ ಸ್ವಿಚ್ಚು ಬದಲಾಯಿಸಿಕೊಡ್ರಿ ಮೇಸ್ತ್ರಿ,” ಎಂದು ಅವಸರ ಮಾಡಿದರು.

“ಅಮ್ಮಾ, ನಿಮ್ಮ ಶಾಲೇಲಿ ಕಿಟಕಿ ಗಾಜು ಒಡೆದ್ರೆ, ಮೊದ್ಲು ಕೈಗೆ ಸಿಕ್ಕಿದ ಹುಡುಗನ್ನ ಹಿಡಿದು ಬಾರಿಸ್ತೀರಾ?”

“ಹೌದು ಮತ್ತೆ,” ಎಂದರು ಹೆಡ್‌ಮಿಸ್ಸು.

ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. “ನಾನು ಹಾಗೆ ಬಾರಿಸೋನಲ್ಲ,” ಎಂದು ಅಣ್ಣ ಬಲ್ಬನ್ನು ಕುತ್ತಿಗೆಯಿಂದ ತೆಗೆದ.

*

ಅದೇ ಬಲ್ಬನ್ನು ಅತ್ತಿಗೆ ಅಂಗಡಿಯ ಮೊಳೆಯಿಂದ ತಂದುಕೊಟ್ಟಿದ್ದಳು. ತಮ್ಮ ಕ್ಲಿಪ್ಪನ್ನು ಬ್ರೇಕಿನ ಕಂಬಿಗೆ ಕಚ್ಚಿಸಿದ.

“ಕೀ ತಿರುಗಿಸಿ,” ಎಂದ. ಡ್ರೈವರ್ ಅವನ ಎದೆಯ ಮೇಲಿಂದ ಕೈ ಚಾಚಿ ತಿರುಗಿಸಿದ.

ಸ್ವಿಚ್ಚಿನೊಳಗೆ ಹೋಗುವ ವೈರಿಗೆ ಸೂಜಿ ಮುಟ್ಟಿಸಿದ. ಬಲ್ಬು ಉರಿಯಿತು. ಕರೆಂಟು ಬಾಗಿಲ ತನಕ ಬಂದಿದೆ. ಹೊರಗೆ ಹೋಗುವ ವೈರಿಗೆ ಮುಟ್ಟಿಸಿದ. ಕತ್ತಲೆ.

“ಕಡ್ಡಿ ನಿಧಾನಕ್ಕಿಡಿ.”

ಕತ್ತಲೆ.

“ಜೋರಿಗೆ.”

ಕತ್ತಲೆ.

“ಹೇಳಿದ್ನಲ್ಲ, ಸ್ವಿಚ್ಚೇ! ಗ್ಯಾರಂಟಿ!” ಎಂದು ಕೊಡೆ ಕುಣಿಯಿತು.

ತಮ್ಮ ಸುಮ್ಮನೆ ಕೈ ಚಾಚಿ ಕಡ್ಡಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಅದುಮಿದ. ಬಲ್ಬು ಮಿನುಗಿತು. ಇನ್ನೊಂದು ಕೂದಲೆಳೆಯಷ್ಟು ಅದುಮಿದ. ಉರಿಯಿತು. ಗಾಜಿನ ಮೇಲೆ ವೈಪರುಗಳು ನರಳುತ್ತಾ ಎದ್ದವು. ಬೆರಳು ಎತ್ತಿದ, ಎಲ್ಲಿದ್ದವೋ ಅಲ್ಲೇ ನಿಂತವು.

ಸ್ವಿಚ್ಚಿನ ಒಳಗಿನ ತಾಮ್ರದ ನಾಲಿಗೆಗಳು ಒಂದನ್ನೊಂದು ಮುಟ್ಟುತ್ತಿಲ್ಲ. ಯಾಕೆ? ತಪ್ಪು ಯಾರದೆಂದು ಗೊತ್ತಾದ ಮೇಲೆ, ತಪ್ಪು ಮಾಡಿಸಿದ್ದು ಯಾರೆಂದು ಕೇಳಬೇಕು. ಅದೂ ಅಣ್ಣ ಕಲಿಸಿದ್ದೇ. ತಮ್ಮ ಸ್ವಿಚ್ಚಿನ ಬೆನ್ನನ್ನು ಬೆರಳಿನಿಂದ ಸವರಿದ. ಪ್ಲಾಸ್ಟಿಕ್ಕು ಕರಗಿ, ಗಡ್ಡೆ ಕಟ್ಟಿ, ಕಂದಾಗಿತ್ತು. ಸಿಕ್ಕಾಪಟ್ಟೆ ಕಾದಿದೆ. ಇಷ್ಟು ಕಾಯುವ ಮುಂಚೆ ಫ್ಯೂಸು ಹೋಗಬೇಕಿತ್ತು. ಫ್ಯೂಸು ಇರುವುದೇ ತಾನು ಸತ್ತು ಉಳಿದವರನ್ನು ಬದುಕಿಸುವುದಕ್ಕೆ.

“ಇದನ್ನ ಕೊನೆಗೆ ಯಾರು ಬಿಚ್ಚಿದ್ದು?” ಎಂದು ಕೇಳಿದ.

“ನಿಮ್ಮಣ್ಣನೇ. ಹೋದ ತಿಂಗಳು,” ಎಂದ ಡ್ರೈವರ್. “ಪದೇ ಪದೇ ಫ್ಯೂಸು ಹೋಗ್ತಿತ್ತು. ಹೊರಗಡೆ ಪಾರ್ಟಿ ಕಾಯ್ತಿತ್ತು, ನಾನು ಅವಸರ ಮಾಡ್ದೆ. ಚಿಟಿಕೆ ಹೊಡೆಯೋದ್ರೊಳಗೆ ಸರಿ ಮಾಡ್ಕೊಟ್ರು. ಆಮೇಲೆ ಬೇರೆಯವರ ಕೈ ಸೋಕಿಲ್ಲ ಇದಕ್ಕೆ.”

ತಮ್ಮ ಕತ್ತು ಹೊರಳಿಸಿ ಫ್ಯೂಸಿನ ಡಬ್ಬಿಯ ಮುಚ್ಚಳ ತೆಗೆದ. ವೈಪರಿನ ಜಾಗದಲ್ಲಿ ಗಾಜಿನ ಫ್ಯೂಸು ಇರಲಿಲ್ಲ. ಒಂದು ತಾಮ್ರದ ತಂತಿ ಇತ್ತು. ಎಳೆಗಳನ್ನು ಒಟ್ಟಿಗೆ ಹೊಸೆದ, ಕಡಲೆಕಾಯಿಯಷ್ಟು ದಪ್ಪದ ತಂತಿ. ಆನೆಯನ್ನು ಕಟ್ಟಿಹಾಕಿದರೂ ಹರಿಯುವಂಥದಲ್ಲ, ಊರು ಸುಟ್ಟರೂ ಕರಗುವಂಥದಲ್ಲ.

ಅವನ ಕೈ ಅವನನ್ನು ಕೇಳಲಿಲ್ಲ. ಬೆರಳುಗಳು ತಾವಾಗಿ ಹೋಗಿ ಅದನ್ನು ಕಿತ್ತವು. ಬೆಳಕಿಗೆ ಹಿಡಿದ. ಹೊಸೆತ ಉಲ್ಟಾ ಇತ್ತು. ತುದಿ ಮಡಚಿ ಒಳಗೆ ಸಿಕ್ಕಿಸಿತ್ತು, ಬೆರಳಿಗೆ ಚುಚ್ಚದ ಹಾಗೆ.

*

ಹೆಡ್‌ಮಿಸ್ಸಿನ ಕಾರು ಶಾಲೆಯ ಅಂಗಳದಲ್ಲಿ, ಎಲ್ಲ ಮಕ್ಕಳ ಎದುರಿಗೆ ಸುಟ್ಟಿತ್ತು. ವೈಪರ್ ರಿಪೇರಿಯಾಗಿ ಅಂಗಡಿಯಿಂದ ಹೋದ ಮಾರನೆಯ ದಿನ. ಡ್ಯಾಶ್‌ಬೋರ್ಡಿನಿಂದ ಹೊಗೆ, ಆಮೇಲೆ ಸೀಟು, ಆಮೇಲೆ ಇಡೀ ಕಾರು. ಆ ಹೊಗೆ ಪಕ್ಕದ ರಾಜ್ಯದವರಿಗೂ ಕಾಣಿಸಿತ್ತೆಂದು ಗ್ಯಾರಂಟಿ ಇವತ್ತಿಗೂ ಗ್ಯಾರಂಟಿ ಕೊಡುತ್ತಾನೆ. ಯಾರಿಗೂ ಏನೂ ಆಗಲಿಲ್ಲ. ಮಕ್ಕಳಿಗೆ ಅರ್ಧ ದಿನ ರಜೆ ಸಿಕ್ಕಿತು.

ಅಣ್ಣ ಓಡಿ ಬಂದ. ಹಿಂದೆಯೇ ತಮ್ಮ, ಅವನ ಹಿಂದೆ ಬೀದಿಗೆ ಬೀದಿಯೇ. ಅಣ್ಣ ಸುಟ್ಟ ಕಾರಿನೊಳಗೆ ಒಬ್ಬನೇ ಬಗ್ಗಿದ. ಬಲ್ಬು ಕುತ್ತಿಗೆಯಲ್ಲೇ ತೂಗುತ್ತಿತ್ತು, ಅದನ್ನು ಮುಟ್ಟಲಿಲ್ಲ. ಕರಗಿದ ಡಬ್ಬಿಯೊಳಗಿಂದ ಏನನ್ನೋ ಕಿತ್ತು ಮುಷ್ಟಿ ಕಟ್ಟಿಕೊಂಡು ಹೊರಗೆ ಬಂದ.

“ನೋಡ್ಕೊಳ್ಳಿ ಎಲ್ರೂ! ಫ್ಯೂಸಿನ ಜಾಗಕ್ಕೆ ತಂತಿ! ನಾನು ಊಟಕ್ಕೆ ಹೋದಾಗ ಇವ್ನು ಮಾಡಿದ ಘನಂದಾರಿ ಕೆಲ್ಸ!”

ಆಮೇಲೆ ಎಡಗೈ ಎದ್ದಿತು. ಆ ಏಟಿನ ಸದ್ದಿಗೆ ಶಾಲೆಯ ಗಂಟೆ ಹೊಡೆಯಿತೆಂದು ಮಕ್ಕಳು ತರಗತಿಗಳಿಗೆ ಓಡಿದರು.

“ತೋರ್ಸಣ್ಣ,” ಎಂದ ತಮ್ಮ, ಕೆನ್ನೆ ಹಿಡಿದುಕೊಂಡು. “ಒಂದ್ಸಲ ತೋರ್ಸು.”

ಅಣ್ಣ ಮುಷ್ಟಿಯನ್ನು ಜೇಬಿಗೆ ಇಳಿಸಿದ. ಕೈ ಹೊರಗೆ ಬಂದಾಗ ಖಾಲಿಯಾಗಿತ್ತು.

ಅಂದಿನಿಂದ ಯಾವ ಅಂಗಡಿಯೂ ತಮ್ಮನ ಕೈಗೆ ಒಂದು ಗೇಣು ವೈರು ಕೊಡಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಕಾರು ತೊಳೆಯುವ ಕಡೆ ಕೆಲಸಕ್ಕೆ ನಿಂತ. ವೈರಿನೊಳಗೆ ಕರೆಂಟು ಹರಿಯುವ ಸದ್ದು ಕೇಳಿಸಿಕೊಳ್ಳಬಲ್ಲವನು ಬಕೀಟು ಹಿಡಿದು ಲೋಕದ ಕಾರುಗಳ ಗಾಜನ್ನೆಲ್ಲ ಒರೆಸಿದ. ಅವನು ಹಿಂಡಿದ ಬಟ್ಟೆಯ ನೀರು ಸೇರಿಸಿದ್ದರೆ ಸಮುದ್ರಕ್ಕೆ ಇನ್ನೊಂದು ಕೋಣೆ ಕಟ್ಟಿಸಬೇಕಾಗುತ್ತಿತ್ತು. ಒರೆಸುತ್ತಾ ಒರೆಸುತ್ತಾ ಅವನಿಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಅಣ್ಣ ತಪ್ಪು ಹೇಳುವವನಲ್ಲ. ವಿಚಾರಣೆಯಿಲ್ಲದೆ ಒಂದು ಸ್ವಿಚ್ಚನ್ನೂ ದೂರದವನು ಒಡಹುಟ್ಟಿದವನನ್ನು ಸುಮ್ಮನೆ ದೂರುತ್ತಾನೆಯೇ? ಆ ದಿನ ನನ್ನ ಕೈಯೇ ಏನಾದರೂ ಮಾಡಿತೋ ಏನೋ. ಹೀಗೆ ಅರ್ಧ ಆಯುಷ್ಯ ಅವನು ತನ್ನ ಎರಡೂ ಕೈಗಳನ್ನು ಕಳ್ಳರ ಹಾಗೆ ನೋಡಿಕೊಂಡು ಬದುಕಿದ್ದ.

*

“ಆಯ್ತೇನೋ?” ಅತ್ತಿಗೆ ಕೊಡೆ ಹಿಡಿದು ಎಡಬದಿಯ ಕಿಟಕಿಗೆ ಬಂದಳು.

ತಮ್ಮ ಎದ್ದು ಸೀಟಿನ ಮೇಲೆ ಕುಳಿತಿದ್ದ. ಅಂಗೈ ಬಿಚ್ಚಿ ಅವಳ ಮುಂದೆ ಹಿಡಿದ. “ಇದೇನು ಗೊತ್ತಾ ಅತ್ತಿಗೆ?”

ಏನೆಂದು ಗೊತ್ತಿಲ್ಲದವರು ಬಗ್ಗಿ ನೋಡುತ್ತಾರೆ. ಅತ್ತಿಗೆ ಬಗ್ಗಲಿಲ್ಲ.

“ಮನೆ ಮೀಟರ್ ಬೋರ್ಡಲ್ಲೂ ಇಂಥದ್ದೇ ಒಂದಿದೆ,” ಎಂದಳು. “ಫ್ಯೂಸು ಹೋಗ್ತಾನೇ ಇರುತ್ತೆ ಅಂತ ನಾನು ಕೂಗಾಡ್ದೆ. ಇದನ್ನ ಸಿಕ್ಕಿಸಿ, ‘ತಗೋ, ಇನ್ನು ಈ ಜನ್ಮದಲ್ಲಿ ಹೋಗಲ್ಲ’ ಅಂದ್ರು.”

“ಯಾವಾಗ?”

“ಆ ಕಾರು ಸುಡೋಕೆ ಮುಂಚೆ.”

“ಅಂದ್ರೆ ನಿಮಗೆ ಗೊತ್ತಿತ್ತು.”

ಅವಳು ಸುತ್ತ ನೋಡಿ, ಕೊಡೆಯನ್ನು ಜನರ ಕಡೆಗೆ ವಾಲಿಸಿ ಮರೆ ಮಾಡಿಕೊಂಡಳು. “ಅವತ್ತು ಊಟಕ್ಕೆ ಕೂತವರು ತಟ್ಟೆ ನೋಡ್ಕೊಂಡು, ‘ಹೆಡ್‌ಮಿಸ್ಸಿಗೆ ತುಂಬಾ ಅವಸರ ಇತ್ತು ಕಣೇ’ ಅಂದ್ರು. ಅಷ್ಟೇ. ನಾನೂ ಕೇಳ್ಲಿಲ್ಲ, ಅವ್ರೂ ಬಾಯಿ ಬಿಡ್ಲಿಲ್ಲ.”

“ಒಂದು ಮಾತು ನಂಗೆ ಹೇಳಿ ಕಳ್ಸಬಹುದಿತ್ತು.”

“ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಅಂಗಡಿ ಬಾಗಿಲು ಹಾಕ್ಬೇಕಾಗ್ತಿತ್ತು. ಮಗು ಇನ್ನೂ ತೊಟ್ಟಿಲಲ್ಲಿತ್ತು.”

“ಸರಿ. ಈಗ ಹೇಳಿ. ಇವರೆಲ್ರ ಮುಂದೆ.”

“ಈಗ ಅವ್ರು ಹೊರಟು ನಿಂತಿದ್ದಾರೆ ಕಣೋ. ಒಳ್ಳೆ ಹೆಸರು ತಗೊಂಡು ಹೋಗ್ಲಿ ಬಿಡು.”

“ನನ್ನ ಹೆಸರು?”

“ನಿಂದು ಹೇಗೂ ಹೋಗಿದೆಯಲ್ಲ,” ಎಂದಳು ಅತ್ತಿಗೆ. ಬಟ್ಟೆ ಇವತ್ತು ಒಣಗುವುದಿಲ್ಲ ಎನ್ನುವಷ್ಟು ಸಹಜವಾಗಿ ಹೇಳಿದಳು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ.

ಬಾಗಿಲನ್ನು ಒದ್ದು ಹೊರಗೆ ಇಳಿದ. ತಂತಿಯನ್ನು ತಲೆಯ ಮೇಲೆ ಎತ್ತಿ ಹಿಡಿದ.

“ನೋಡ್ರಪ್ಪಾ! ಎಲ್ರೂ ನೋಡಿ! ಫ್ಯೂಸಿನ ಜಾಗದಲ್ಲಿತ್ತು ಇದು. ಅಣ್ಣ ಹಾಕಿದ್ದು. ಎಡಗೈ ಹೊಸೆತ! ಆ ಕಾರಿಗೂ ಇದನ್ನೇ ಹಾಕಿ, ನನ್ನ ಕೆನ್ನೆಗೆ ಬಾರಿಸಿದ್ದ!”

ಟಿಂಕರ್ ಮುಂದೆ ಬಂದು ತಂತಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. “ಹೊಸೆತವೇನೋ ಉಲ್ಟಾನೇ ಇದೆ,” ಎಂದು ಗುನುಗಿದ.

“ಎಲ್ಲಿತ್ತು ಅಂದೆ?” ಗ್ಯಾರಂಟಿ ಕೊಡೆ ಮಡಚದೆಯೇ ಮುಂದೆ ಬಂದ.

“ಫ್ಯೂಸಿನ ಡಬ್ಬೀಲಿ.”

“ಯಾರು ನೋಡಿದ್ರು?”

“ನಾನೇ ಈಗ ಕಿತ್ತೆ...” ಎಂದು ಅರ್ಧಕ್ಕೆ ನಿಲ್ಲಿಸಿದ ತಮ್ಮ.

“ಒಳಗೆ ತೂರಿದ್ದು ನೀನು. ಕಿತ್ತಿದ್ದೂ ನೀನು. ಅಣ್ಣನ ಕೈ ನೋಡಿ ಕೆಲಸ ಕಲಿತವನಿಗೆ ಅವನ ಹಾಗೆ ಹೊಸೆಯೋಕೆ ಬರಲ್ವಾ? ಜೇಬಲ್ಲಿ ಇಟ್ಕೊಂಡೇ ಬಂದಿರ್ತೀಯ ಗ್ಯಾರಂಟಿ. ಸತ್ತವನು ಎದ್ದು ಮಾತಾಡಲ್ಲ ಅಂತ ಧೈರ್ಯ!”

ತಮ್ಮ ಡ್ರೈವರ್ ಕಡೆ ತಿರುಗಿದ. “ನೀವೇ ಅಂದ್ರಲ್ಲ, ಬೇರೆಯವರ ಕೈ ಸೋಕಿಲ್ಲ ಅಂತ?”

“ಅಂದೆ. ಹಾಗಂತ ನಾನೇನು ಒಳಗೆ ಇಣುಕಿ ನೋಡಿದೀನಾ? ನನ್ನ ಎಳೀಬೇಡಿ ಇದಕ್ಕೆ.”

“ಅತ್ತಿಗೆ?”

ಎಲ್ಲರೂ ಅವಳತ್ತ ನೋಡಿದರು. ಅತ್ತಿಗೆ ಆಕಾಶ ನೋಡಿದಳು. “ಮಳೆ ಜೋರಾಗ್ತಿದೆ,” ಎಂದಳು. “ಕತ್ತಲಾದ್ರೆ ಸ್ಮಶಾನದ ಗೇಟು ಹಾಕ್ತಾರಂತೆ. ಗಾಡಿ ಹೊರಡಿಸಿ.”

ಗಾಡಿಯೊಳಗೆ ಅಪ್ಪನ ಹತ್ತಿರ ಕುಳಿತಿದ್ದ ಅಣ್ಣನ ಮಗಳು ಪಕ್ಕದ ಕಿಟಕಿಯನ್ನು ಎಳೆದು ಮುಚ್ಚಿದಳು.

ತಮ್ಮನ ಕೈ ಮೆಲ್ಲಗೆ ಕೆಳಗಿಳಿಯಿತು. ಡಬ್ಬಿಯಲ್ಲಿ ಇದ್ದಾಗ ಆ ತಂತಿಗೆ ಇಡೀ ಬೀದಿಯ ಬಾಯಿ ಮುಚ್ಚಿಸುವ ಶಕ್ತಿಯಿತ್ತು. ಒಂದು ಕೂಗು ಹಾಕಿ ನಾಲ್ಕು ಜನರನ್ನು ಬಗ್ಗಿಸಿ ತೋರಿಸಿದ್ದರೆ ಸಾಕಿತ್ತು. ಅವನು ಅದನ್ನು ಕಿತ್ತಿದ್ದ. ಬೆನ್ನಿಗೆ ಅಷ್ಟು ಗುದ್ದು ತಿಂದು ಕಲಿತ ಒಂದೇ ಪಾಠವನ್ನು, ಬೇಕಾಗಿದ್ದ ಒಂದೇ ದಿನ ಮರೆತಿದ್ದ.

*

ಆದರೆ ಗಾಡಿ ಹೊರಡಲಿಲ್ಲ. ಹಾರ್ನಿನ ಫ್ಯೂಸನ್ನು ಕಿತ್ತು ವೈಪರಿನ ಜಾಗಕ್ಕೆ ಹಾಕಿದ್ದಾಯಿತು. ಹೆಣದ ಗಾಡಿಗೆ ಹಾರ್ನಿನ ಹಂಗಿಲ್ಲ, ದಾರಿ ತಾನಾಗಿ ಬಿಡುತ್ತದೆ. ವೈಪರಿನ ಬುಡಕ್ಕೆ ಟಿಂಕರ್ ಎಣ್ಣೆ ಬಿಟ್ಟ. ಉಳಿದದ್ದು ಸ್ವಿಚ್ಚು. ಕಡ್ಡಿಯನ್ನು ಒತ್ತಿ ಹಿಡಿದರೆ ಮಾತ್ರ ವೈಪರ್ ಓಡುತ್ತಿತ್ತು. ದಾರ ಕಟ್ಟಿ ನೋಡಿದರು, ಗಾಡಿ ಒಂದು ಗುಂಡಿಗೆ ಇಳಿದರೆ ನಿಲ್ಲುತ್ತಿತ್ತು. ಟಿಂಕರ್ ಕೈ ಹಾಕಿದ. ಸುತ್ತಿಗೆ ಹಿಡಿದು ಬೆಳೆದ ಕೈ, ಸ್ಟೇರಿಂಗ್ ಕಂಬವೇ ಕಿರುಗುಟ್ಟಿತು.

“ಒಂದು ಕೈ ಸ್ಟೇರಿಂಗಿಗೆ, ಒಂದು ಕೈ ಗೇರಿಗೆ. ಇದನ್ನ ಒತ್ತೋಕೆ ನಂಗೇನು ಸೊಂಡ್ಲಿದ್ಯಾ?” ಎಂದ ಡ್ರೈವರ್. “ಇವರೇ ಬಂದು ಪಕ್ಕದಲ್ಲಿ ಕೂರ್ಬೇಕು.”

ಒಬ್ಬೊಬ್ಬರಾಗಿ ಎಲ್ಲರೂ ತಮ್ಮನತ್ತ ತಿರುಗಿದರು. ಅವನು ಒದ್ದೆಯಾಗಿ ನಿಂತಿದ್ದ. ಅರ್ಧ ಆಯುಷ್ಯ ಅವನ ಕೈ ಕಂಡರೆ ದೂರ ಸರಿದ ಬೀದಿ ಈಗ ಅವನ ಒಂದು ಬೆರಳಿಗಾಗಿ ಕಾಯುತ್ತಿತ್ತು.

“ಒಂದು ಮಾತು ಹೇಳ್ಸಿ, ಬರ್ತೀನಿ,” ಎಂದ. “ಅತ್ತಿಗೆ ಒಂದೇ ಮಾತು ಹೇಳ್ಲಿ.”

“ಹೆಣ ಮುಂದಿಟ್ಕೊಂಡು ಚೌಕಾಸಿ ಮಾಡ್ತಾನೆ ನೋಡ್ರಪ್ಪ!” ಎಂದ ಗ್ಯಾರಂಟಿ. ಗುಂಪು ಛೇ ಛೇ ಎಂದಿತು.

ಅತ್ತಿಗೆ ಹತ್ತಿರ ಬಂದಳು. ಕೊಡೆಯನ್ನು ಅವನ ತಲೆಯ ಮೇಲೆ ಹಿಡಿದಳು. “ನಿನ್ನಣ್ಣ ಕಣೋ,” ಎಂದಳು. “ನಾಲ್ಕು ಜನರ ಮುಂದೆ ನಡು ಬೀದೀಲಿ ಕೊಳೀಬೇಕಾ ಅವ್ರು?”

ಅವನು ಕೊಡೆಯ ಕೆಳಗಿನಿಂದ ಹೊರಗೆ ಸರಿದ. ಆಮೇಲೆ ಹೋಗಿ ಮುಂದಿನ ಸೀಟಿನಲ್ಲಿ ಕುಳಿತು, ಕಡ್ಡಿಯ ಮೇಲೆ ಹೆಬ್ಬೆರಳು ಇಟ್ಟ.

ವೈಪರುಗಳು ಎದ್ದವು. ಗಾಜಿನ ಮೇಲೆ ಬೀದಿ ತೆರೆದುಕೊಂಡಿತು.

ಗಾಡಿ ಚಲಿಸಿದ ಮೇಲೆ ತಗಡಿನ ಹಿಂದೆ ಮಾತು ಶುರುವಾಯಿತು. ಎಲ್ಲವೂ ಅವನ ಕಿವಿಗೆ ನೇರವಾಗಿ ಬೀಳುತ್ತಿತ್ತು.

“ಹೋದ ತಿಂಗಳು ಮೇಸ್ತ್ರಿ ಕೈ ಇಟ್ಟ ವೈಪರು ನೋಡಿ ಇದು. ಸತ್ತ ಮೇಲೂ ಕೈ ಬಿಡ್ಲಿಲ್ಲ ಮನುಷ್ಯ.”

“ಎಂಥಾ ಕೈ! ಗೊತ್ತಾಗದೆ ಒಂದು ಸ್ಕ್ರೂ ಬಿಚ್ಚಿದವರಲ್ಲ.”

“ಅನ್ಯಾಯ ಅಂದ್ರೆ ಆಗ್ತಿರ್ಲಿಲ್ಲ ಅವರಿಗೆ. ತಮ್ಮ ಅಂತಾನೂ ನೋಡ್ಲಿಲ್ಲ, ಅಲ್ವಾ?” ಎಂದ ಗ್ಯಾರಂಟಿ.

“ಹೂಂ,” ಎಂದಿತು ಒಂದು ಹೆಂಗಸಿನ ಧ್ವನಿ. ಅದು ಅತ್ತಿಗೆಯದೇ ಎಂದು ತಿಳಿಯಲು ತಿರುಗಿ ನೋಡಬೇಕಾಗಿರಲಿಲ್ಲ.

ಸೇತುವೆಯ ಮೇಲೆ, ಎದುರಿನಿಂದ ಒಂದು ಲಾರಿ ಬರುತ್ತಿದ್ದಾಗ, ತಮ್ಮ ಹೆಬ್ಬೆರಳು ಎತ್ತಿದ.

ವೈಪರುಗಳು ಗಾಜಿನ ನಡುಮಧ್ಯ ನೆಟ್ಟಗೆ ನಿಂತವು. ರಸ್ತೆ, ಲಾರಿ, ಸೇತುವೆಯ ಕಂಬಿ ಎಲ್ಲ ಕರಗಿ ಬೂದುಬಣ್ಣದ ನೀರಾಯಿತು. ಲಾರಿಯ ದೀಪಗಳು ನೀರಿನಲ್ಲಿ ಊದಿಕೊಂಡು ಹತ್ತಿರ ಬಂದವು.

“ಒತ್ರೀ! ಏನ್ರೀ, ಒತ್ರೀ!” ಡ್ರೈವರ್ ಚೀರಿದ.

ಹಿಂದೆ ಯಾರೋ ಮೇಸ್ತ್ರಿಯ ಒಳ್ಳೆಯತನದ ಇನ್ನೊಂದು ಕತೆ ಆರಂಭಿಸಿದ್ದರು. ಅಲ್ಲಿ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಮಗಳು ಸಣ್ಣಗೆ ಬಿಕ್ಕುವುದು ಕೇಳಿತು.

ಒತ್ತಿದ. ಲಾರಿ ಪಕ್ಕದಲ್ಲೇ ಉಜ್ಜಿಕೊಂಡಂತೆ ಹಾದುಹೋಯಿತು.

ಆಮೇಲೆ ಅವನು ಬೆರಳು ಎತ್ತಲಿಲ್ಲ. ಕಡ್ಡಿಯ ಬುಡ ಕಾಯತೊಡಗಿತು. ಮೊದಲು ಬೆಚ್ಚಗೆ, ಆಮೇಲೆ ಬಿಸಿ. ಹೆಬ್ಬೆರಳಿನ ತುದಿ ಕೆಂಪಾಗಿ, ಬೆಳ್ಳಗಾಗಿ, ಬೊಬ್ಬೆ ಎದ್ದಿತು. ಡ್ರೈವರ್ ಮೂಗು ಎಳೆದು, “ಏನೋ ಸುಡ್ತಿದ್ಯಲ್ಲ?” ಎಂದ.

ಸ್ಮಶಾನದ ಗೇಟಿನ ಹತ್ತಿರ ಬರುವಷ್ಟರಲ್ಲಿ ಮಳೆ ನಿಂತಿತು. ಯಾರೋ ನಲ್ಲಿ ತಿರುಗಿಸಿದ ಹಾಗೆ, ಒಂದೇ ಸಲಕ್ಕೆ. ಡ್ರೈವರ್ ಗಾಡಿ ನಿಲ್ಲಿಸಿ, ಕೀ ಹಾಗೇ ಬಿಟ್ಟು, ಹಿಂದಿನ ಬಾಗಿಲು ತೆಗೆಯಲು ಇಳಿದು ಓಡಿದ. ಜನ ಇಳಿದರು. ಸ್ಟ್ರೆಚರ್ ಎಳೆದರು. ಹೆಗಲು ಕೊಡಲು ಗ್ಯಾರಂಟಿ ಮೊದಲಿಗನಾಗಿ ನುಗ್ಗಿದ. ಮುಂದಿನ ಸೀಟಿನ ಕಡೆ ಯಾರೂ ಬರಲಿಲ್ಲ.

ತಮ್ಮ ಕುಳಿತೇ ಇದ್ದ. ಒರೆಸಿ ಒರೆಸಿ ತಿಳಿಯಾದ ಗಾಜಿನಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಅಣ್ಣನ ಪಾದಗಳು, ಸ್ಟ್ರೆಚರಿನ ಕೆಳಗೆ ಬಾಗಿದ ಬೆನ್ನುಗಳು, ಎಲ್ಲರ ಹಿಂದೆ ಕೊಡೆಯನ್ನು ಮಡಚುತ್ತಾ ನಡೆಯುತ್ತಿದ್ದ ಅತ್ತಿಗೆ. ಗಾಜು ಒಣಗಿತ್ತು. ವೈಪರಿನ ರಬ್ಬರು ಅದರ ಮೇಲೆ ಹೋಗುತ್ತಾ ಬರುತ್ತಾ, ಹಂದಿಯ ಕತ್ತು ಹಿಸುಕಿದ ಹಾಗೆ ಕಿರುಚುತ್ತಿತ್ತು. ಆ ಸದ್ದಿಗೆ ಮರದ ಹಕ್ಕಿಗಳು ಎದ್ದು ಹಾರಿದವು. ಹೆಣ ಹೊತ್ತವರು ಒಬ್ಬೊಬ್ಬರಾಗಿ ಕತ್ತು ತಿರುಗಿಸಿ ಗಾಡಿಯತ್ತ ನೋಡಿದರು. ಗ್ಯಾರಂಟಿ ಖಾಲಿಯಿದ್ದ ಕೈಯನ್ನು ಬೀಸಿ ಬೀಸಿ ನಿಲ್ಲಿಸು ನಿಲ್ಲಿಸು ಎಂದ. ಅಣ್ಣನ ಮಗಳು ಎರಡೂ ಕಿವಿ ಮುಚ್ಚಿಕೊಂಡಳು.

ಅತ್ತಿಗೆಯೊಬ್ಬಳೇ ತಿರುಗಲಿಲ್ಲ. ಅವಳ ಬೆನ್ನನ್ನೇ ನೋಡುತ್ತಾ ತಮ್ಮ ಬೊಬ್ಬೆಯೆದ್ದ ಹೆಬ್ಬೆರಳನ್ನು ಇನ್ನೊಂದು ಕೂದಲೆಳೆಯಷ್ಟು ಅದುಮಿದ.